ಶೇರ್‌ನಲ್ಲಿರುವ ಕಡತಗಳಿಗೆ ಐಐಎಸ್ ಯಾರ ಹೆಸರಿನಲ್ಲಿ ಹೋಗಬೇಕು?

ವರ್ಚುವಲ್ ಡೈರೆಕ್ಟರಿಯ (ಸೈಟಿನ ವಿಳಾಸದಲ್ಲಿ ಫೋಲ್ಡರಿನಂತೆ ಕಂಡರೂ ಬೇರೆಡೆ ಇರಬಹುದಾದ ಜಾಗದ) ಕಡತಗಳು ಬೇರೊಂದು ಫೈಲ್ ಸರ್ವರಿನ ಶೇರ್‌ನಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರಿನಲ್ಲಿ, ಇದ್ದರೆ, ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್ ಅಲ್ಲಿಗೆ ಯಾವ ಖಾತೆಯ ಹೆಸರಿನಲ್ಲಿ ಹೋಗುತ್ತದೆ ಎಂಬುದೇ ಭದ್ರತೆಯ ಮುಖ್ಯ ಪ್ರಶ್ನೆ. ಒಂದೇ ಡೊಮೈನ್‌ನ (ಖಾತೆಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಯಂತ್ರಗಳ ಗುಂಪಿನ) ಎರಡು ವಿಂಡೋಸ್ ಸರ್ವರ್ 2019 ಯಂತ್ರಗಳಲ್ಲಿ ನಾನು ಮೂರು ವಿಧಾನಗಳನ್ನು ಪ್ರಯೋಗಿಸಿದೆ.

ಐಐಎಸ್‌ನ ‘ಕನೆಕ್ಟ್ ಆ್ಯಸ್’ ಆಯ್ಕೆಯಲ್ಲಿ ಒಂದು ಡೊಮೈನ್ ಖಾತೆಯನ್ನು ಕೊಟ್ಟುಬಿಡುವುದು ಎಲ್ಲಕ್ಕಿಂತ ಸುಲಭ, ಐದು ನಿಮಿಷದ ಕೆಲಸ. ಪಾಸ್‌ವರ್ಡ್ ಕಾನ್ಫಿಗ್ ಕಡತದಲ್ಲಿ ಗೂಢಲಿಪಿಯಲ್ಲಿರುತ್ತದೆಯಾದರೂ, ಅಡ್ಮಿನ್ ಹಕ್ಕಿರುವವರು ಆಪ್‌ಸಿಎಂಡಿ ಎಂಬ ಐಐಎಸ್‌ನ ಕಮಾಂಡ್ ಸಾಧನದಲ್ಲಿ ಡೈರೆಕ್ಟರಿಯ ಪೂರ್ಣ ವಿವರ ಕೇಳಿದರೆ ಅದು ಇದ್ದಂತೆಯೇ ತೆರೆಯ ಮೇಲೆ ಮೂಡುತ್ತದೆ. ಒಮ್ಮೆ ಡೊಮೈನ್‌ನ ಖಾತೆಗಳಿರುವ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಆ ಖಾತೆಯ ಪಾಸ್‌ವರ್ಡ್ ಬದಲಿಸಿ ಇಲ್ಲಿ ಬದಲಿಸಲು ಮರೆತಾಗ ಸೈಟ್ 500.19 ದೋಷ ತೋರಿಸಿತು. ಅದು ಕಾನ್ಫಿಗರೇಷನ್ ದೋಷವೆಂದು ಹೇಳುತ್ತಿದ್ದುದರಿಂದ, ಏನೂ ತಪ್ಪಿಲ್ಲದ ವೆಬ್.ಕಾನ್ಫಿಗ್ ಕಡತವನ್ನು ಅರ್ಧ ದಿನ ತಡಕಾಡಿದೆ.

ಪಾಸ್-ಥ್ರೂ ವಿಧಾನದಲ್ಲಿ, ಲಾಗಿನ್ ಆದ ಬಳಕೆದಾರರ ಗುರುತೇ ಶೇರ್‌ವರೆಗೂ ಹೋಗುವುದರಿಂದ, ಪ್ರತಿಯೊಬ್ಬರಿಗೂ ಪ್ರತ್ಯೇಕ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಕಡತ ವ್ಯವಸ್ಥೆಯ) ಅನುಮತಿ ಕೊಡಬಹುದು. ಆದರೆ ವಿಂಡೋಸ್‌ನ ಹಳೆಯ ಗುರುತು ದೃಢೀಕರಣ ವಿಧಾನವಾದ ಎನ್‌ಟಿಎಲ್‌ಎಂನಲ್ಲಿ ಆ ಗುರುತು ವೆಬ್ ಸರ್ವರನ್ನು ದಾಟಿ ಮುಂದಿನ ಯಂತ್ರಕ್ಕೆ ಹೋಗುವುದಿಲ್ಲ. ಅದಕ್ಕೆ ಕರ್ಬರೋಸ್ ಎಂಬ ಇನ್ನೊಂದು ದೃಢೀಕರಣ ವಿಧಾನ, ಮತ್ತು ಫೈಲ್ ಸರ್ವರಿಗಷ್ಟೇ ಸೀಮಿತವಾದ ಡೆಲಿಗೇಷನ್ (ಬಳಕೆದಾರರ ಪರವಾಗಿ ಹೋಗಲು ವೆಬ್ ಸರ್ವರಿಗೆ ಕೊಡುವ ಅಧಿಕಾರ) ಬೇಕು. ಸರ್ವರಿನಲ್ಲೇ ಕುಳಿತು ಬ್ರೌಸರ್ ತೆರೆದರೆ ಎಲ್ಲವೂ ಸರಿಯಾಗಿ ಕಂಡು, ಪಕ್ಕದ ಮೇಜಿನಿಂದ ತೆರೆದರೆ ಅನುಮತಿ ನಿರಾಕರಣೆಯಾಗುವುದು ಈ ತೊಂದರೆಯ ಗುರುತು.

ಮೂರನೆಯದು ಅಪ್ಲಿಕೇಷನ್ ಪೂಲ್‌ನ, ಅಂದರೆ ಸೈಟನ್ನು ಓಡಿಸುವ ಐಐಎಸ್ ಪ್ರಕ್ರಿಯೆಯ, ಗುರುತು. ಪೂರ್ವನಿಗದಿತ ಗುರುತನ್ನೇ ಉಳಿಸಿಕೊಂಡರೆ ನೆಟ್‌ವರ್ಕ್‌ನಲ್ಲಿ ಅದು ಯಂತ್ರದ ಖಾತೆಯಾಗಿ, ಅಂದರೆ ಕೊನೆಯಲ್ಲಿ ಡಾಲರ್ ಚಿಹ್ನೆಯಿರುವ ಸರ್ವರ್ ಹೆಸರಾಗಿ ಕಾಣುತ್ತದೆ. ಅನುಮತಿ ಕೊಡುವಾಗ ‘ಆಬ್ಜೆಕ್ಟ್ ಟೈಪ್ಸ್’ನಲ್ಲಿ ಕಂಪ್ಯೂಟರ್ಸ್ ಎಂಬುದನ್ನು ಗುರುತು ಹಾಕದಿದ್ದರೆ ಆ ಹೆಸರು ಸಿಗುವುದೇ ಇಲ್ಲ. ಅನಾಮಿಕ ಪ್ರವೇಶಕ್ಕೆ ಬಳಕೆಯಾಗುವ ಐಯುಎಸ್‌ಆರ್ ಎಂಬ ಖಾತೆ ನೆಟ್‌ವರ್ಕ್‌ನಲ್ಲೂ ಅನಾಮಿಕವಾಗಿಯೇ ಹೋಗುವುದರಿಂದ, ಅದರ ಜಾಗದಲ್ಲಿ ಪೂಲ್ ಗುರುತನ್ನು ಆರಿಸಬೇಕು. ಪೂರ್ವನಿಗದಿತ ಪೂಲ್ ಗುರುತಿನ ದೊಡ್ಡ ಕೊರತೆಯೆಂದರೆ ಒಂದೇ ಸರ್ವರಿನ ಎಲ್ಲ ಪೂಲ್‌ಗಳೂ ಶೇರ್‌ಗೆ ಒಂದೇ ಖಾತೆಯಾಗಿ ಕಾಣುವುದು. ಒಂದು ಸೈಟ್ ಕೈತಪ್ಪಿದರೆ ಉಳಿದವುಗಳ ಕಡತಗಳೂ ತೆರೆದುಕೊಳ್ಳುತ್ತವೆ.

ಆದ್ದರಿಂದ ಈಗ ಪ್ರತಿ ಪೂಲ್‌ಗೂ ಪ್ರತ್ಯೇಕ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಬಳಸುತ್ತಿದ್ದೇನೆ. ವಿಂಡೋಸ್ ಸರ್ವರ್ 2012ರಿಂದ ಲಭ್ಯವಿರುವ ಈ ಖಾತೆಯ ಪಾಸ್‌ವರ್ಡನ್ನು ಪೂರ್ವನಿಗದಿಯಂತೆ 30 ದಿನಕ್ಕೊಮ್ಮೆ ಡೊಮೈನ್ ತಾನೇ ಬದಲಿಸುತ್ತದೆ. ನಾವು ಅದನ್ನು ಎಲ್ಲಿಯೂ ಟೈಪ್ ಮಾಡಬೇಕಿಲ್ಲ. ಶೇರ್ ಮತ್ತು ಎನ್‌ಟಿಎಫ್‌ಎಸ್ ಎರಡರಲ್ಲೂ ಅದಕ್ಕೆ ಓದುವ ಅನುಮತಿಯಷ್ಟೇ ಇದೆ. ಬರೆಯುವ ಅನುಮತಿ ಅನಿವಾರ್ಯವಾದ ಅಪ್‌ಲೋಡ್ ಫೋಲ್ಡರನ್ನು ಬೇರೆ ಶೇರ್‌ಗೆ ಸಾಗಿಸಿ, ಅಲ್ಲಿ ಸ್ಕ್ರಿಪ್ಟ್ ಓಡದಂತೆ ಐಐಎಸ್‌ನ ಹ್ಯಾಂಡ್ಲರ್ ಅನುಮತಿಯನ್ನು ತೆಗೆದುಹಾಕಿದ್ದೇನೆ.