ಹೊಸದಾಗಿ ಚುಚ್ಚಿದ ಕಿವಿಗೆ ಗಿಲೀಟು ಓಲೆ ಹಾಕುವ ಮುನ್ನ: ನಿಕಲ್ ಅಲರ್ಜಿಯ ಬಗ್ಗೆ ಎಚ್ಚರಿಕೆ

ಹೊಸದಾಗಿ ಚುಚ್ಚಿಸಿದ ಕಿವಿಗಾಗಲಿ ಮೂಗಿಗಾಗಲಿ ಲೇಪನದ ಒಡವೆ ಹಾಕುವವರು ಇದನ್ನು ದಯವಿಟ್ಟು ಓದಬೇಕು. ನನ್ನ ಅಕ್ಕನ ಮಗಳು ಮನೆಯ ಮದುವೆಯೊಂದಕ್ಕೆಂದು ಕಿವಿಯಲ್ಲಿ ಎರಡನೆಯ ತೂತು ಹಾಕಿಸಿಕೊಂಡು, ಫ್ಯಾನ್ಸಿ ಅಂಗಡಿಯೊಂದರಲ್ಲಿ ‘ಒಂದು ಗ್ರಾಂ ಚಿನ್ನ’ದ ಓಲೆ ಕೊಂಡಳು. ಮೇಲಿರುವುದು ಅಪ್ಪಟ ಚಿನ್ನ, ಯಾರಿಗೂ ಅಲರ್ಜಿಯಾಗುವುದಿಲ್ಲ ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಕೆಲವು ವಾರಗಳಲ್ಲಿ ಕಿವಿಯ ಹಾಲೆ ಕೆಂಪಾಗಿ, ತುರಿಕೆ ಹತ್ತಿ, ನೀರು ಒಸರತೊಡಗಿತು. ನಂಜಾಗಿದೆಯೆಂದು ಮನೆಯಲ್ಲಿ ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಆ್ಯಂಟಿಬಯಾಟಿಕ್ ಕೊಟ್ಟರು. ತೂತು ಮುಚ್ಚಿಹೋದೀತೆಂಬ ಭಯದಿಂದ ಓಲೆಯನ್ನು ಮಾತ್ರ ಯಾರೂ ತೆಗೆಸಲಿಲ್ಲ.

ಇಷ್ಟರಲ್ಲಿ ಹೊಕ್ಕುಳ ಕೆಳಗೆ, ಜೀನ್ಸ್ ಪ್ಯಾಂಟಿನ ಲೋಹದ ಗುಂಡಿ ತಾಗುವ ಜಾಗದಲ್ಲಿಯೂ ಅಂಥದೇ ಇಸುಬು ಕಾಣಿಸಿಕೊಂಡಿತು. ಆಗ ನೋಡಿದ ಚರ್ಮವೈದ್ಯರು ಪ್ಯಾಚ್ ಪರೀಕ್ಷೆ ಮಾಡಿದರು. ಶೇ 5ರ ನಿಕಲ್ ಸಲ್ಫೇಟ್ ಬೆರೆಸಿದ ಮುಲಾಮು ಸೇರಿದಂತೆ ಹಲವು ಪದಾರ್ಥಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ಪಟ್ಟಿ ಬಿಚ್ಚಿ, ಆಮೇಲೆ ಇನ್ನೊಮ್ಮೆಯೂ ನೋಡುವ ಪರೀಕ್ಷೆ ಅದು. ನಿಕಲ್ ಇದ್ದ ಜಾಗ ಮಾತ್ರ ಕೆಂಪಗೆ ಊದಿ, ಗುಳ್ಳೆ ಎದ್ದಿತ್ತು.

ಬೆವರಿನಲ್ಲಿರುವ ಉಪ್ಪಿನಿಂದ ಲೋಹದ ಮೇಲ್ಮೈಯ ನಿಕಲ್ ಅತಿ ಸ್ವಲ್ಪ ಪ್ರಮಾಣದಲ್ಲಿ ಕರಗಿ ಚರ್ಮದೊಳಕ್ಕೆ ಇಳಿಯುತ್ತದೆ. ದೇಹದ ರೋಗನಿರೋಧಕ ಕಣಗಳು ಅದನ್ನು ಶತ್ರುವೆಂದು ಒಮ್ಮೆ ಗುರುತಿಟ್ಟುಕೊಂಡರೆ, ಮುಂದೆ ಪ್ರತಿ ಸಲ ತಾಗಿದಾಗಲೂ ಒಂದೆರಡು ದಿನಗಳಲ್ಲಿ ಅದೇ ಉರಿಯೂತ ಮರುಕಳಿಸುತ್ತದೆ. ಹಸಿ ಗಾಯದ ಮೂಲಕ ಓಲೆಯ ಕಡ್ಡಿ ಹಗಲೂ ರಾತ್ರಿ ಹಾದುಹೋಗಿರುವುದರಿಂದ, ಕಿವಿ ಚುಚ್ಚಿಸಿದ ಹೊಸತರಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಇಸುಬು ಮುಲಾಮಿನಿಂದ ವಾಸಿಯಾಗುತ್ತದೆ, ಆದರೆ ಅಲರ್ಜಿ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಇನ್ನೂರು ರೂಪಾಯಿಯ ಒಡವೆಗೆ ಇದು ತೀರಾ ದುಬಾರಿ ಬೆಲೆ.

ಚಿನ್ನದ ಲೇಪನವಿದ್ದರೂ ನಿಕಲ್ ಎಲ್ಲಿಂದ ಬಂತು ಎಂದು ಲೇಪನದ ಕೆಲಸ ಬಲ್ಲ ಪರಿಚಿತರೊಬ್ಬರನ್ನು ಕೇಳಿದೆ. ತಾಮ್ರ ಅಥವಾ ಹಿತ್ತಾಳೆಯ ಮೇಲೆ ನೇರವಾಗಿ ಚಿನ್ನ ಹತ್ತಿಸಿದರೆ ಕಾಲಕ್ರಮದಲ್ಲಿ ತಾಮ್ರ ಮೇಲಕ್ಕೆ ಹಬ್ಬಿ ಬಣ್ಣ ಕೆಡುವುದರಿಂದ, ನಡುವೆ ನಿಕಲ್ ಪದರ ಕೊಡುವುದು ಈ ಕಸುಬಿನ ಹಳೆಯ ರೂಢಿಯಂತೆ, ಹೊಳಪೂ ಅದರಿಂದಲೇ. ಮೇಲಿನ ಚಿನ್ನ ಎಷ್ಟು ತೆಳುವೆಂದರೆ, ಕಡ್ಡಿಯ ಮೇಲೆ ತಿರುಪು ಉಜ್ಜಿ ಉಜ್ಜಿ ಒಳಗಿನ ನಿಕಲ್ ಬೇಗ ಹೊರಬೀಳುತ್ತದೆ. ಅಂಗಡಿಯವರು ಹೇಳಿದ ‘ಅಪ್ಪಟ ಚಿನ್ನ’ ಸುಳ್ಳಲ್ಲದಿರಬಹುದು, ಆದರೆ ಅದು ಅರ್ಧ ಸತ್ಯ. ಪೂಜೆಯ ತಟ್ಟೆಯಿಂದ ಹಿಡಿದು ಜುಮುಕಿಯವರೆಗೆ ಈಗ ಎಲ್ಲೆಡೆ ಮಾರಾಟವಾಗುವ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದೇ ಇಲ್ಲ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ. ತಟ್ಟೆಯಾಗಿ ಅದು ಇರಲಿ, ಕಿವಿಗೆ ಬೇಡ.

ಈ ಒಡವೆಗಳನ್ನು ತಯಾರಿಸುವವರ ಪಾಡು ಇನ್ನೂ ಗಂಭೀರವಾದುದು. ನಿಕಲ್ ಸಲ್ಫೇಟ್, ನಿಕಲ್ ಕ್ಲೋರೈಡ್ ಮತ್ತು ಬೋರಿಕ್ ಆಮ್ಲದ ಬಿಸಿ ದ್ರಾವಣದ ತೊಟ್ಟಿಯ ಬಳಿ ಕೈಗವಸಿಲ್ಲದೆ ದುಡಿಯುವವರಿಗೆ ಕೈ ಇಸುಬು ಬಹಳ ಹಿಂದಿನಿಂದಲೂ ಗೊತ್ತಿರುವ ಕಾಯಿಲೆ, ಮತ್ತು ತೊಟ್ಟಿಯಿಂದೇಳುವ ಸಣ್ಣ ಹನಿಗಳು ಉಸಿರಿನೊಂದಿಗೆ ಒಳಹೋಗುತ್ತವೆ. ವೇಲ್ಸ್‌ನ ಕ್ಲೈಡಾಕ್‌ನಲ್ಲಿ 1902ರಲ್ಲಿ ಆರಂಭವಾದ ನಿಕಲ್ ಶುದ್ಧೀಕರಣ ಕಾರ್ಖಾನೆಯ ಆರಂಭದ ದಶಕಗಳ ಕಾರ್ಮಿಕರಲ್ಲಿ ಮೂಗಿನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಅಸಹಜವಾಗಿ ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ನಿಕಲ್ ಸಂಯುಕ್ತಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೆಯ ಗುಂಪಿಗೆ ಸೇರಿಸಿತು. ಓಲೆ ತೊಡುವವರಿಗೆ ಈ ಭಯ ಬೇಡ; ಅದು ಉಸಿರಾಟದ ಮೂಲಕ ಬರುವ ಅಪಾಯ.

ಯುರೋಪ್ ಒಕ್ಕೂಟ 1994ರಲ್ಲಿಯೇ ನಿಕಲ್ ಒಡವೆಗಳಿಗೆ ಕಡಿವಾಣ ಹಾಕಿತು. ಅಲ್ಲಿ ಚುಚ್ಚಿದ ಜಾಗದಲ್ಲಿ ತೊಡುವ ಒಡವೆಯಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಹೊರಬರುವಂತಿಲ್ಲ. ನಮ್ಮ ಊರಿನ ಅಂಗಡಿಗಳ ಪೊಟ್ಟಣಗಳ ಮೇಲೆ ಇಂಥ ವಿವರವನ್ನು ನಾನು ಕಂಡಿಲ್ಲ. ಆದ್ದರಿಂದ ಡೈಮೀಥೈಲ್‌ಗ್ಲೈಆಕ್ಸೈಮ್ ಪರೀಕ್ಷಾ ದ್ರಾವಣ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು: ಹತ್ತಿಯ ಕಡ್ಡಿಗೆ ಹಚ್ಚಿ ಓಲೆಯ ಕಡ್ಡಿಯನ್ನೂ ಹಿಂಬದಿಯನ್ನೂ ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಹೊರಬರುತ್ತಿದೆಯೆಂದು ಅರ್ಥ. ಬಣ್ಣ ಬಾರದಿದ್ದರೂ ಲೇಪನ ಸವೆದ ಮೇಲೆ ಮತ್ತೆ ನೋಡಬೇಕು. ಪಾರದರ್ಶಕ ನೇಲ್ ಪಾಲಿಶ್ ಬಳಿಯುವ ಉಪಾಯ ಕೆಲವೇ ದಿನಗಳದು. ಚುಚ್ಚಿಸಿದ ಹೊಸತರಲ್ಲಿ ಟೈಟಾನಿಯಂ ಅಥವಾ 22 ಕ್ಯಾರೆಟ್ ಚಿನ್ನವೇ ಸರಿ. ಬಿಳಿ ಚಿನ್ನದಲ್ಲಿ ನಿಕಲ್ ಇರಬಹುದಾದ್ದರಿಂದ ಕೇಳಿ ತಿಳಿದುಕೊಳ್ಳಬೇಕು, ಏಕೆಂದರೆ ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನಷ್ಟೇ.

ಅಲರ್ಜಿ ಖಚಿತವಾದವರು ಹಲ್ಲಿಗೆ ಕ್ಲಿಪ್ ಹಾಕಿಸುವ ಅಥವಾ ದೇಹದಲ್ಲಿ ಲೋಹದ ಭಾಗ ಕೂರಿಸುವ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಹಲ್ಲು ಸರಿಪಡಿಸಲು ಬಳಸುವ ನಿಕಲ್-ಟೈಟಾನಿಯಂ ತಂತಿಯಲ್ಲಿ ಸುಮಾರು ಅರ್ಧದಷ್ಟು ನಿಕಲ್ ಇರುತ್ತದೆ. ಅಕ್ಕನ ಮಗಳಿಗೆ ಮುಂದಿನ ವರ್ಷ ಕ್ಲಿಪ್ ಹಾಕಿಸುವ ಮಾತಿದೆ. ಪ್ಯಾಚ್ ಪರೀಕ್ಷೆಯ ವರದಿಯನ್ನು ದಂತವೈದ್ಯರಿಗೆ ಈಗಾಗಲೇ ಕೊಟ್ಟಿದ್ದೇವೆ.