ಮಲೆನಾಡಿನ ಮನೆಗೆ ಯಾವ ಸೋಲಾರ್? ಜುಲೈಗೆ ಇಟ್ಟು ತೂಗಿದ ಹೋಲಿಕೆ

ಸೋಲಾರ್ ಮಾರುವವರು ತೋರಿಸುವುದು ವರ್ಷದ ಸರಾಸರಿ. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ ಅನ್ನುವ ಲೆಕ್ಕ ಶಿಕಾರಿಪುರ, ಭದ್ರಾವತಿ ಕಡೆ ಹೆಚ್ಚುಕಡಿಮೆ ಸರಿ. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆ ಅದನ್ನೇ ನಂಬಿ ಹಾಕಿಸಿದರೆ ಮಾರ್ಚ್‌ನಲ್ಲಿ ಕರೆಂಟು ಮಿಕ್ಕಿ ಹೋಗುತ್ತದೆ, ಜುಲೈನಲ್ಲಿ ಸಾಲುವುದಿಲ್ಲ. ಮಳೆ ಹಿಡಿದ ತಿಂಗಳಲ್ಲಿ ಅದೇ ಕಿಲೋವ್ಯಾಟ್ ದಿನಕ್ಕೆ ಒಂದೂವರೆಯಿಂದ ಎರಡೂವರೆ ಯೂನಿಟ್ ಕೊಟ್ಟರೆ ಹೆಚ್ಚು. ಜಡಿಮಳೆಯ ದಿನ ಒಂದು ಯೂನಿಟ್ಟೂ ದಾಟುವುದಿಲ್ಲ.

ಹಾಗಂತ ಮೋಡದ ಊರಿಗೆ ಸೋಲಾರ್ ದಂಡ ಅನ್ನುವುದೂ ತಪ್ಪು. ಜರ್ಮನಿಯಲ್ಲಿ ಒಂದು ಕಿಲೋವ್ಯಾಟ್‌ನಿಂದ ವರ್ಷಕ್ಕೆ ಸುಮಾರು 1,000 ಯೂನಿಟ್ ಸಿಗುತ್ತದೆ. ನಮ್ಮ ಘಟ್ಟದಂಚಿನಲ್ಲೂ ತೆರೆದ ಜಾಗವಿದ್ದರೆ 1,300ರ ಆಸುಪಾಸು ಬರುತ್ತದೆ. ಆದರೆ ಅಲ್ಲಿ ಬಿಸಿಲಿಲ್ಲದ ದಿನ ಗ್ರಿಡ್ ಇರುತ್ತದೆ. ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದು ಬಿಸಿಲೂ ಲೈನೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಮಲೆನಾಡಿನಲ್ಲಿ ಪ್ಯಾನೆಲ್‌ಗಿಂತ ಮೊದಲು ಯೋಚಿಸಬೇಕಾದ್ದು ಬ್ಯಾಟರಿಯನ್ನು.

ಆನ್-ಗ್ರಿಡ್

ಆನ್-ಗ್ರಿಡ್ ಅಂದರೆ ಪ್ಯಾನೆಲ್ಲನ್ನು ಇನ್ವರ್ಟರ್ ಮೂಲಕ ನೇರ ಕರೆಂಟು ಲೈನಿಗೇ ಜೋಡಿಸುವುದು. ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ (ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರಕ್ಕೆ ಒಟ್ಟು 78,000) ಬಂದ ಮೇಲೆ ಎಲ್ಲರ ಕಣ್ಣೂ ಇದರ ಮೇಲೆ. ಬ್ಯಾಟರಿ ಇಲ್ಲ, ನೋಡಿಕೊಳ್ಳುವ ಕೆಲಸ ಕಡಿಮೆ, ಬೇಸಿಗೆಯಲ್ಲಿ ಮಿಕ್ಕಿದ್ದು ಮೀಟರಿನಲ್ಲಿ ಜಮೆ. ಆದರೆ ಲೈನ್ ಹೋದ ಕೂಡಲೇ ಇನ್ವರ್ಟರ್ ನಿಲ್ಲುತ್ತದೆ. ಅದು ದೋಷವಲ್ಲ, ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಯಲಿ ಎಂದೇ ಹಾಗೆ ಮಾಡಿರುತ್ತಾರೆ. ಮಧ್ಯಾಹ್ನ ಎಷ್ಟೇ ಬಿಸಿಲಿದ್ದರೂ ಮನೆಗೆ ಒಂದು ಬಲ್ಬಿನ ಕರೆಂಟೂ ಸಿಗುವುದಿಲ್ಲ.

ಟ್ರಾನ್ಸ್‌ಫಾರ್ಮರಿನಿಂದ ದೂರದ ಒಂಟಿ ಮನೆಗಳಿಗೆ ಇನ್ನೊಂದು ತೊಡಕಿದೆ. ಲೈನ್ ಉದ್ದ, ತಂತಿ ಸಣ್ಣದು. ಮಧ್ಯಾಹ್ನ ಪ್ಯಾನೆಲ್ ಜೋರಾಗಿ ಕರೆಂಟು ಹೊರಗೆ ತಳ್ಳುವಾಗ ಮನೆಯ ಬಳಿ ವೋಲ್ಟೇಜ್ 250 ದಾಟಿ ಇನ್ವರ್ಟರ್ ಪದೇಪದೇ ಕಟ್ ಆಗುತ್ತದೆ. ಇನ್ವರ್ಟರಿನಿಂದ ಮೀಟರಿನವರೆಗೆ ದಪ್ಪ ಕೇಬಲ್ ಹಾಕಿದರೆ ಸ್ವಲ್ಪ ಗುಣ ಸಿಗುತ್ತದೆ, ಪೂರ್ತಿ ಅಲ್ಲ. ಹಾಕಿಸುವ ಮೊದಲು ಒಂದು ವಾರ ಹಗಲು ರಾತ್ರಿ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಬರೆದಿಡಿ.

ಗೃಹಜ್ಯೋತಿಯಲ್ಲಿ ಈಗಾಗಲೇ ಶೂನ್ಯ ಬಿಲ್ ಬರುವ ಮನೆಗೆ ಆನ್-ಗ್ರಿಡ್ ಹಾಕಿಸಿ ಉಳಿಯುವುದೇನೂ ಇಲ್ಲ. ಪೇಟೆಯಲ್ಲಿ, ಏಸಿ ಇರುವ, ದೊಡ್ಡ ಬಿಲ್ಲಿನ ಮನೆಗೆ ಇದೇ ಒಳ್ಳೆಯದು.

ಬ್ಯಾಟರಿ: ಟ್ಯೂಬುಲರ್ ಮತ್ತು ಲಿಥಿಯಂ

ಕರೆಂಟು ಹೋದಾಗಲೂ ಮನೆ ನಡೆಯಬೇಕೆಂದರೆ ಆಫ್-ಗ್ರಿಡ್ (ಬ್ಯಾಟರಿಯ ಮೇಲೆ ನಡೆಯುವುದು) ಅಥವಾ ಹೈಬ್ರಿಡ್ (ಬ್ಯಾಟರಿಯೂ ಲೈನೂ ಎರಡೂ ಇರುವುದು) ಬೇಕು. ಮೊದಲು ಜುಲೈ ತಿಂಗಳ ಖರ್ಚು ಬರೆಯಿರಿ. ಒಂಬತ್ತು ವ್ಯಾಟಿನ ಆರು ಬಲ್ಬು ಐದು ಗಂಟೆ, 270 ವ್ಯಾಟ್-ಅವರ್, ವೈಫೈ ದಿನವಿಡೀ, 240, ಟಿವಿ ಮೂರು ಗಂಟೆ, 180, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನ್ ಒಂದು ರಾತ್ರಿ, 240, ಮಿಕ್ಸಿ ಹತ್ತು ನಿಮಿಷ, 125, ಮೊಬೈಲುಗಳು 50. ಒಟ್ಟು ಸುಮಾರು 1,100 ವ್ಯಾಟ್-ಅವರ್, ಅಂದರೆ 1.1 ಯೂನಿಟ್. ಫ್ರಿಜ್ ಸೇರಿದರೆ ಇನ್ನೊಂದು ಯೂನಿಟ್. ಫ್ರಿಜ್ ಇಲ್ಲದ ಲೆಕ್ಕಕ್ಕೆ ಒಂದೂವರೆ ಕಿಲೋವ್ಯಾಟ್ ಪ್ಯಾನೆಲ್, ಇದ್ದರೆ ಎರಡೂವರೆಯಿಂದ ಮೂರು.

ಬ್ಯಾಟರಿಗೆ 150 ಆಂಪಿಯರ್-ಅವರಿನ ಎರಡು ಟ್ಯೂಬುಲರ್ (ಆಸಿಡ್ ತುಂಬಿದ ಸೀಸದ ಬ್ಯಾಟರಿ), 24 ವೋಲ್ಟಿಗೆ: ಹೆಸರಿಗೆ 3.6 ಯೂನಿಟ್, ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಕೈಗೆ ಸಿಗುವುದು 1.8. ಇನ್ನೊಂದು ಕಡೆ 25.6 ವೋಲ್ಟಿನ 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು: ಹೆಸರಿಗೆ 2.56, ಕೈಗೆ ಎರಡಕ್ಕೂ ಸ್ವಲ್ಪ ಹೆಚ್ಚು. ಬಯಲುಸೀಮೆಯಲ್ಲಾದರೆ ಹೋಲಿಕೆ ಇಲ್ಲಿಗೆ ಮುಗಿದು, ಬೆಲೆ ನೋಡಿ ಟ್ಯೂಬುಲರ್ ತರಬಹುದಿತ್ತು.

ಮಲೆನಾಡಿನಲ್ಲಿ ಟ್ಯೂಬುಲರನ್ನು ಕೊಲ್ಲುವುದು ಅರೆಹೊಟ್ಟೆ. ಸೀಸದ ಬ್ಯಾಟರಿಗೆ ಆಗಾಗ ಪೂರ್ತಿ ಚಾರ್ಜ್ ಸಿಗಲೇಬೇಕು, ಅದರಲ್ಲೂ ಕೊನೆಯ ಶೇಕಡಾ 20 ತುಂಬಲು ಗಂಟೆಗಟ್ಟಲೆ ಬೇಕು. ಜೋಡಿಗೆ 15 ಆಂಪಿಯರ್, ಅಂದರೆ ಸುಮಾರು 400 ವ್ಯಾಟ್ ಸ್ಥಿರವಾಗಿ ಬರಬೇಕು. ಕಪ್ಪು ಮೋಡದ ಹೊತ್ತಲ್ಲಿ ಒಂದೂವರೆ ಕಿಲೋವ್ಯಾಟ್ ಪ್ಯಾನೆಲ್ ಕೊಡುವುದು 200 ವ್ಯಾಟ್, ಅದರಲ್ಲೂ ಅರ್ಧ ಮನೆಯ ಬಳಕೆಗೇ ಹೋಗುತ್ತದೆ. ಬ್ಯಾಟರಿ ಪೂರ್ತಿ ತುಂಬಲು ಬೇಕಾದ 28.8 ವೋಲ್ಟ್ ಮುಟ್ಟುವುದೇ ಇಲ್ಲ. ಹೀಗೆ ವಾರಗಟ್ಟಲೆ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಎರಡು ಮೂರು ಮಳೆಗಾಲದಲ್ಲಿ ಬ್ಯಾಟರಿ ಕೈಬಿಡುತ್ತದೆ. ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಟ್ಯೂಬುಲರೇ ಇಟ್ಟುಕೊಂಡಿದ್ದರೆ ಜೂನ್ ಮೊದಲ ವಾರ ಇನ್ವರ್ಟರ್ ಸೆಟ್ಟಿಂಗ್‌ನಲ್ಲಿ ಗ್ರಿಡ್ ಚಾರ್ಜಿಂಗ್ ಆನ್ ಮಾಡಿ, ಅಕ್ಟೋಬರ್‌ನಲ್ಲಿ ತೆಗೆಯಿರಿ. ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಲಿ, ಲೈನ್ ಇಲ್ಲದಿದ್ದರೆ ಜನರೇಟರ್ ಹಾಕಿಯಾದರೂ. ತುಂಬಿದ ಮೇಲೆ ಹೈಡ್ರೋಮೀಟರಿನಲ್ಲಿ ಪ್ರತಿ ಸೆಲ್ಲಿನ ಆಸಿಡ್ ಸಾಂದ್ರತೆ ನೋಡಿ: 1.240ರ ಸುತ್ತ ಇರಬೇಕು. ಒಂದೇ ಸೆಲ್ 1.200ಕ್ಕಿಂತ ಕೆಳಗಿದ್ದರೆ ಅದು ಉಳಿದವನ್ನೂ ಎಳೆಯುತ್ತದೆ.

ಲಿಥಿಯಂಗೆ ಅರೆಹೊಟ್ಟೆ ಬಾಧಕವಲ್ಲ. ಶೇಕಡಾ 30ರಿಂದ 60ರ ನಡುವೆ ಇಡೀ ಆಷಾಢ ಕಳೆದರೂ ಏನೂ ಆಗುವುದಿಲ್ಲ. ಹಾಕಿದ್ದರಲ್ಲಿ ಹೆಚ್ಚಿನದು ವಾಪಸು ಬರುತ್ತದೆ, ಸೀಸದಲ್ಲಿ ಕಾಲುಭಾಗದಷ್ಟು ಸೋರಿ ಹೋಗುತ್ತದೆ. ಬೆಳಕೇ ಕಡಿಮೆ ಇರುವಾಗ ಈ ಕಾಲುಭಾಗ ದೊಡ್ಡದು. ಮೊದಲ ಖರ್ಚು ಹೆಚ್ಚಾದರೂ ಘಟ್ಟದಂಚಿಗೆ ನನ್ನ ಆಯ್ಕೆ ಇದೇ. ಹಳೆಯ ಇನ್ವರ್ಟರಿಗೆ ಜೋಡಿಸುವವರು ಮೂರು ಬದಲಾವಣೆ ಮರೆಯಬಾರದು: ಈಕ್ವಲೈಸೇಶನ್ (ಸೀಸದ ಬ್ಯಾಟರಿಗೆ ಆಗಾಗ ಕೊಡುವ ಹೆಚ್ಚು ವೋಲ್ಟೇಜಿನ ಚಾರ್ಜ್) ಪೂರ್ತಿ ಆಫ್, ಚಾರ್ಜ್ ವೋಲ್ಟೇಜ್ 28.4ಕ್ಕೆ ಮಿತಿ, ಕೆಳಗಿನ ಕಟ್ಆಫ್ 21 ಇದ್ದರೆ 24ಕ್ಕೆ ಏರಿಸಿ. ಇಲ್ಲವಾದರೆ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್ ಬಿಎಂಎಸ್ ನಡುರಾತ್ರಿ ತಾನೇ ಬಾಗಿಲು ಹಾಕಿಕೊಳ್ಳುತ್ತದೆ.

ಪ್ಯಾನೆಲ್ ಎಲ್ಲಿ

ಪ್ಯಾನೆಲ್ ಮೋನೋ ಪರ್ಕ್ ಬಗೆಯದೋ ಟಾಪ್ಕಾನ್ ಬಗೆಯದೋ ಎಂಬ ಚರ್ಚೆಗಿಂತ ಜಾಗ ಮುಖ್ಯ. ಮೋಡದ ದಿನ ಬೆಳಕು ಸೂರ್ಯನ ಕಡೆಯಿಂದಷ್ಟೇ ಅಲ್ಲ, ಇಡೀ ಆಕಾಶದಿಂದ ಬರುತ್ತದೆ. ಹಾಗಾಗಿ ಅಡಿಕೆ ತೋಟದ ನಡುವಿನ ಮನೆಯಲ್ಲಿ ಮಾಡಿನ ಮೇಲೆ ನೆರಳು ಬೀಳದಿದ್ದರೂ, ಸುತ್ತಲ ಮರಗಳು ಅರ್ಧ ಆಕಾಶ ಮುಚ್ಚಿದ್ದರೆ ಅಷ್ಟು ಕರೆಂಟು ಹೋದಂತೆಯೇ. ಜೂನ್-ಜುಲೈನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ದಕ್ಷಿಣಕ್ಕೆ ಕಡಿದಾಗಿ ಇಳಿದ ಹಂಚಿನ ಮಾಡು ಆಗ ಲಾಭದ್ದಲ್ಲ. 10ರಿಂದ 12 ಡಿಗ್ರಿ ಇಳಿಜಾರು ಸಾಕು. ಅದಕ್ಕಿಂತ ಚಪ್ಪಟೆ ಮಾಡಿದರೆ ಕೆಳ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಹಂಚು ಕೊರೆದು ಬೋಲ್ಟ್ ಹಾಕಿದರೆ ಸೋರುವುದು ಖಂಡಿತ. ಕೊಟ್ಟಿಗೆಯ ಶೀಟಿನ ಮಾಡು, ಇಲ್ಲವೇ ಅಂಗಳದ ಅಂಚಿನಲ್ಲಿ ಜಿಐ ಕಂಬ ಒಳ್ಳೆಯದು. ಅಡಿಕೆ ಒಣಗಿಸುವ ಜಾಗಕ್ಕೆ ನೆರಳು ಬೀಳದಂತೆ ನೋಡಿಕೊಳ್ಳಿ. ಮಂಗಗಳು ತೂಗಾಡುವ ವೈರು ಕಂಡರೆ ಬಿಡುವುದಿಲ್ಲ. ಕೇಬಲ್ ಪೂರ್ತಿ ಪೈಪಿನೊಳಗೆ ಹೋಗಲಿ.

ನೀರು ಕಾಯಿಸಲು ಸೋಲಾರ್ ಬೇಡ. ಬಚ್ಚಲ ಒಲೆ, ಅಡಿಕೆ ಸಿಪ್ಪೆ ಇರುವ ಮನೆಯಲ್ಲಿ ಮಳೆಗಾಲದ ಹಂಡೆಗೆ ಸಾಟಿ ಇಲ್ಲ.

ಅಬ್ಬಿ ನೀರಿದ್ದರೆ

ಗುಡ್ಡದಿಂದ ಅಬ್ಬಿ ಇಳಿಯುವ ಮನೆಗಳಿಗೆ ಸೋಲಾರಿನ ನಿಜವಾದ ಎದುರಾಳಿ, ಮತ್ತು ಜೊತೆಗಾರ, ಪಿಕೋ ಹೈಡ್ರೋ, ಅಂದರೆ ಇಳಿಯುವ ನೀರಿನಿಂದ ಮನೆಮಟ್ಟದಲ್ಲಿ ಕರೆಂಟು ಮಾಡುವ ಪುಟ್ಟ ಟರ್ಬೈನ್. 200 ಲೀಟರಿನ ಡ್ರಮ್ಮು 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 10 ಲೀಟರ್. ನೀರು 15 ಮೀಟರ್ ಇಳಿಯುವುದಾದರೆ 10 × 15 × 9.81, ಸುಮಾರು 1,470 ವ್ಯಾಟ್. ಪೈಪು, ಟರ್ಬೈನಿನಲ್ಲಿ ಅರ್ಧ ಹೋದರೂ 700 ಉಳಿಯುತ್ತದೆ. ಹಗಲು ರಾತ್ರಿ ಓಡುವುದರಿಂದ ದಿನಕ್ಕೆ 16 ಯೂನಿಟ್. ಜುಲೈನಲ್ಲಿ ಮೂರು ಕಿಲೋವ್ಯಾಟ್ ಸೋಲಾರ್ ಇದರ ಅರ್ಧವನ್ನೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಅಬ್ಬಿ ಸೊರಗಿದಾಗ ಪ್ಯಾನೆಲ್ಲಿನ ಉತ್ಪಾದನೆ ಏರಿರುತ್ತದೆ. ಟರ್ಬೈನಿನ ಕರೆಂಟನ್ನು 15 ಆಂಪಿಯರಿನ ಚಾರ್ಜರ್ ಮೂಲಕ ಅದೇ ಲಿಥಿಯಂ ಬ್ಯಾಟರಿಗೆ ಕೊಟ್ಟರೆ ಏಳು ಗಂಟೆಯೊಳಗೆ ತುಂಬುತ್ತದೆ. ಈ ನೀರಿಗೆ ನಾಲ್ಕಿಂಚಿಗಿಂತ ಸಣ್ಣ ಪೈಪು ಹಾಕಬೇಡಿ, ಒತ್ತಡವೆಲ್ಲ ಪೈಪಿನಲ್ಲೇ ಸಾಯುತ್ತದೆ. ಜೋರು ಮಳೆಯ ಮರುದಿನ ಪೈಪಿಗೆ ನೀರು ಹೊಕ್ಕುವ ತಲೆಕಟ್ಟಿನ ಜಾಲರಿಗೆ ತರಗೆಲೆ ಕಟ್ಟಿರುತ್ತದೆ, ತೆಗೆಯಲೇಬೇಕು. ಬ್ಯಾಟರಿ ತುಂಬಿದ ಮೇಲೆ ಲೋಡ್ ಇಲ್ಲದೆ ಬಿಟ್ಟರೆ ಟರ್ಬೈನ್ ವೇಗ ಏರಿ ಜನರೇಟರ್ ಸುಡುತ್ತದೆ. ಮಿಕ್ಕ ಕರೆಂಟು ತಿನ್ನಲು ಒಂದು ಹೀಟರ್ ಕಾಯಿಲ್ ಸದಾ ಜೋಡಿಸಿರಲಿ.