ಒಂದೇ ನೀರು, ಎರಡು ದಡ: ತೀರ್ಥಹಳ್ಳಿಯೋ, ಸಾಣಾಪುರವೋ?

ಶಿವಮೊಗ್ಗದಿಂದ ಹೊರಟು ಹೊಳೆ ದಡದಲ್ಲಿ ಗದ್ದಲವಿಲ್ಲದೆ ಒಂದೆರಡು ದಿನ ಕಳೆಯಬೇಕೆಂದರೆ ಈ ಎರಡರಲ್ಲಿ ಯಾವುದು? ತೀರ್ಥಹಳ್ಳಿ ಸುಮಾರು 60 ಕಿ.ಮೀ., ಒಂದೂವರೆ ಗಂಟೆಯ ಬಸ್ಸು. ಹಂಪಿಯ ಆಚೆ ದಡದ ಆನೆಗೊಂದಿ, ಸಾಣಾಪುರಕ್ಕೆ ಹೊನ್ನಾಳಿ, ಹರಿಹರ, ಹರಪನಹಳ್ಳಿ, ಹೊಸಪೇಟೆ ಹಾದು 200 ಕಿ.ಮೀ. ದಾಟುತ್ತದೆ, ಹೋಗಿಬರುವುದಕ್ಕೇ ಒಂದು ದಿನ ಹೋಯಿತು ಅನ್ನಿ. ತೀರ್ಥಹಳ್ಳಿಯ ತುಂಗೆಯೇ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ತುಂಗಭದ್ರೆಯಾಗಿ ಹಂಪಿಯ ಕಡೆಗೆ ಹರಿಯುತ್ತಾಳೆ.

ಗದ್ದಲ ಬೇಡ ಎನ್ನುವವರು ಇದನ್ನು ತಿಳಿದಿರಬೇಕು. ಹಂಪಿಯ ದೇವಸ್ಥಾನದ ಸುತ್ತ ಮದ್ಯ, ಮಾಂಸ ಇಲ್ಲ. ಹಾಗಾಗಿ ಬ್ಯಾಕ್‌ಪ್ಯಾಕರ್‌ಗಳು ಹೊಳೆ ದಾಟಿ ವಿರೂಪಾಪುರ ಗಡ್ಡೆ ಎಂಬ ನಡುಗಡ್ಡೆಯಲ್ಲಿ ನೆಲೆಯೂರಿದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಅಲ್ಲಿನ ರೆಸಾರ್ಟ್‌ಗಳು ನೆಲಸಮವಾದವು, ಪಾರ್ಟಿ ಮಾತ್ರ ಸಾಣಾಪುರದ ಕಡೆಗೆ ಸರಿಯಿತು. ಬಂಡೆ, ಭತ್ತದ ಗದ್ದೆ, ಹರಿಗೋಲು ಬೇಕಿದ್ದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ, ಸೋಮವಾರದಿಂದ ಗುರುವಾರದ ನಡುವೆ ಹೋಗಿ. ಕೋಣೆ ಹಿಡಿಯುವ ಮೊದಲು ರಾತ್ರಿ ಸ್ಪೀಕರ್ ಹಾಕುತ್ತಾರಾ ಎಂದು ನೇರವಾಗಿ ಕೇಳಿ. ಅಣೆಕಟ್ಟಿನಿಂದ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ. ಹೊಳೆಯಲ್ಲಿ ಮೊಸಳೆಗಳಿವೆ, ಬಂಡೆಯ ಮೇಲಿಂದ ಹಾರುವ ಸಾಹಸ ಬೇಡವೇ ಬೇಡ.

ತೀರ್ಥಹಳ್ಳಿಯಲ್ಲಿ ರಾತ್ರಿ ಹೊತ್ತು ಕಳೆಯಲು ಏನೂ ಇಲ್ಲ, ಅದೇ ಅದರ ಲಾಭ. ಆದರೆ ಎಳ್ಳಮಾವಾಸ್ಯೆ ಜಾತ್ರೆಗೆ ಊರು ತುಂಬಿ ಕೋಣೆ ಸಿಗುವುದು ಕಷ್ಟ. ಮಳೆಗಾಲದಲ್ಲಿ ಹೊಳೆ ನಡುವಿನ ರಾಮಮಂಟಪವೇ ಮುಳುಗುವುದುಂಟು, ಆಗ ಸೇತುವೆ ಮೇಲಿಂದ ನೋಡಿದರೆ ಸಾಕು. ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ಹೊಳೆಯ ಮೀನು ನೋಡಿ, ನೀರಿಗಿಳಿಯಬೇಡಿ: ಪಾಚಿಗಲ್ಲು ಜಾರುತ್ತದೆ, ಮಡು ಆಳ.

ಜುಲೈಯಿಂದ ಅಕ್ಟೋಬರ್ ಒಳಗೆ ಹೋದರೆ ದಾರಿಯ ಮಂಡಗದ್ದೆಯಲ್ಲಿ ಇಳಿದು ಬೆಳ್ಳಕ್ಕಿಗಳನ್ನು ನೋಡಬಹುದು.